ಸೆಪ್ಸಿಸ್: ಉಸಿರನ್ನು ಎಣಿಸಿಯೇ ಬರೆಯಿರಿ

ಊರ ಕಡೆ ಸೆಪ್ಸಿಸ್ ಅನ್ನು 'ರಕ್ತಕ್ಕೆ ನಂಜು ಏರಿದೆ' ಅಂತಾರೆ. ಆ ಮಾತು ವಾರ್ಡಿನಲ್ಲಿ ರೋಗಿಗಳನ್ನು ನೋಡುವ ನಮ್ಮ ತಲೆಯಲ್ಲೂ ಕೂತಿರುತ್ತದೆ. ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕರೆ ಮಾತ್ರ ಸೆಪ್ಸಿಸ್ ಅಂದುಕೊಳ್ಳುತ್ತೇವೆ. ಹಾಗಲ್ಲ. 2016ರ ವ್ಯಾಖ್ಯೆಯಂತೆ, ಸೋಂಕಿನ ಜೊತೆ ಸೆಣಸುವಾಗ ದೇಹ ಹಿಡಿತ ತಪ್ಪಿ ತನ್ನದೇ ಅಂಗಗಳನ್ನು ಕೆಡಿಸಿಕೊಳ್ಳುವುದೇ ಸೆಪ್ಸಿಸ್. ಬ್ಲಡ್ ಕಲ್ಚರ್‌ನಲ್ಲಿ (ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಅಂತ ನೋಡುವ ಪರೀಕ್ಷೆ) ಏನೂ ಬೆಳೆಯದಿದ್ದರೂ ಅದು ಇರಬಹುದು.

ಒಂದು ಕೇಸ್ ಊಹಿಸಿಕೊಳ್ಳಿ. ಎಪ್ಪತ್ತು ವರ್ಷದ ಅಜ್ಜಿ, ಶುಗರ್ ಇದೆ, ಎರಡು ದಿನದಿಂದ ಉರಿಮೂತ್ರ. ಜ್ವರ ಇಲ್ಲ, ಕೈಕಾಲು ತಣ್ಣಗಿವೆ. 'ಅತ್ತೆ ನಿನ್ನೆಯಿಂದ ಯಾಕೋ ಮಂಕಾಗಿದ್ದಾರೆ, ಏನೇನೋ ಮಾತಾಡ್ತಾರೆ' ಅಂತಾರೆ ಸೊಸೆ. ವಯಸ್ಸಾಯ್ತಲ್ವಾ ಅಂತ ಈ ಮಾತನ್ನು ದಯವಿಟ್ಟು ಬಿಡಬೇಡಿ. ಮಿದುಳೂ ಒಂದು ಅಂಗ, ಅದು ಸೋಲುತ್ತಿದೆ. ಜ್ವರ ಇಲ್ಲ ಅಂತ ಸಮಾಧಾನವೂ ಬೇಡ. ವಯಸ್ಸಾದವರಲ್ಲಿ ಮೈಬಿಸಿ ಇಳಿಯುವುದೂ ಉಂಟು.

ಈಗ ಉಸಿರು. ಸುಮ್ನೆ ಅಂದಾಜಿಗೆ 20 ಅಂತ ಬರೆಯಬೇಡಿ. ಗಡಿಯಾರ ನೋಡುತ್ತಾ, ಹೊಟ್ಟೆ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅಂಗಾಂಶದಲ್ಲಿ ಲ್ಯಾಕ್ಟಿಕ್ ಆಮ್ಲ ಜಾಸ್ತಿಯಾದರೆ ದೇಹ ಕಾರ್ಬನ್ ಡೈಆಕ್ಸೈಡ್ ಹೊರಹಾಕಿ ಸರಿದೂಗಿಸಲು ನೋಡುತ್ತದೆ. ಅದಕ್ಕೇ ಎಷ್ಟೋ ಸಲ ಬಿಪಿ ಬೀಳುವ ಮೊದಲೇ ಉಸಿರು ಏರಿರುತ್ತದೆ. ಉಸಿರು 22 ಅಥವಾ ಜಾಸ್ತಿ, ಮೇಲಿನ ಬಿಪಿ 100 ಅಥವಾ ಕಡಿಮೆ, ಮಂಕು: ಈ ಮೂರರಲ್ಲಿ ಎರಡಿದ್ದರೆ ಎಚ್ಚರ. ಸೆಪ್ಸಿಸ್ ಅಪಾಯವನ್ನು ಬೇಗ ಗುರುತಿಸುವ ಈ ಲೆಕ್ಕವೇ ಕ್ಯೂಸೋಫಾ (qSOFA). ಆದರೆ ಇದೊಂದನ್ನೇ ನೆಚ್ಚಬೇಡಿ ಅಂತ ಸೆಪ್ಸಿಸ್ ಚಿಕಿತ್ಸೆಯ 2021ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬೆರಳ ತುದಿಯನ್ನು ಬಿಳಿಚುವಂತೆ ಒತ್ತಿ ಬಿಡಿ. ಬಣ್ಣ ಮರಳಲು 3 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಅಲ್ಲಿಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲ.

ಚಿಕಿತ್ಸೆಯಲ್ಲಿ ಗಂಟೆಯ ಲೆಕ್ಕವೇ ಮುಖ್ಯ. 2006ರ ಒಂದು ಅಧ್ಯಯನದಲ್ಲಿ, ಸೆಪ್ಟಿಕ್ ಶಾಕ್‌ನಲ್ಲಿ (ಸೆಪ್ಸಿಸ್ ವಿಪರೀತಕ್ಕೆ ಹೋಗಿ ಬಿಪಿ ಕುಸಿಯುವ ಸ್ಥಿತಿ) ಬಿಪಿ ಬಿದ್ದ ನಂತರದ 6 ಗಂಟೆಗಳಲ್ಲಿ ಆಂಟಿಬಯಾಟಿಕ್ ತಡವಾದ ಪ್ರತಿ ಗಂಟೆಗೆ ಬದುಕುಳಿಯುವ ಪ್ರಮಾಣ ಸರಾಸರಿ 7.6% ಕಡಿಮೆಯಾಗಿತ್ತು. ಶಾಕ್ ಇದ್ದರೆ ಗಂಟೆಯೊಳಗೆ ಆಂಟಿಬಯಾಟಿಕ್ ಶುರುವಾಗಬೇಕು. ಕಲ್ಚರ್‌ಗೆ ರಕ್ತ ಅದಕ್ಕೂ ಮೊದಲೇ ತೆಗೆಯಿರಿ, ಆದರೆ ಅದಕ್ಕಾಗಿ ಔಷಧಿ ನಿಲ್ಲಿಸಬೇಡಿ. ರಕ್ತದಲ್ಲಿ ಲ್ಯಾಕ್ಟೇಟ್ (ಆಗಲೇ ಹೇಳಿದ ಲ್ಯಾಕ್ಟಿಕ್ ಆಮ್ಲ) ಎಷ್ಟಿದೆ ಅಂತ ಪರೀಕ್ಷೆಗೆ ಕಳಿಸಿ. ಬಿಪಿ ಬಿದ್ದಿದ್ದರೆ ಅಥವಾ ಲ್ಯಾಕ್ಟೇಟ್ ಏರಿದ್ದರೆ ಮೊದಲ 3 ಗಂಟೆಯಲ್ಲಿ ಕೆಜಿಗೆ 30 ಎಂಎಲ್ ಡ್ರಿಪ್. ಅಜ್ಜಿ 50 ಕೆಜಿ ಇದ್ದರೆ 1500 ಎಂಎಲ್, ಅಂದರೆ ಅರ್ಧ ಲೀಟರಿನ ಮೂರು ಬಾಟಲ್. ನೀರು ಜಾಸ್ತಿಯಾಗಿ ಶ್ವಾಸಕೋಶಕ್ಕೆ ಇಳಿಯುತ್ತಿದೆಯೇ ಅಂತ ನಡುನಡುವೆ ಸ್ಟೆತ್ ಇಟ್ಟು ಕೇಳಿ. ಸರಾಸರಿ ಬಿಪಿ (ಎಂಎಪಿ) 65 ಮುಟ್ಟದಿದ್ದರೆ ರಕ್ತನಾಳ ಬಿಗಿಸಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್.

ಇಷ್ಟಾದರೂ ಚೇತರಿಕೆ ಕಾಣದಿದ್ದರೆ ಸ್ಕ್ಯಾನ್ ನೋಡಿ. ಮೂತ್ರನಾಳಕ್ಕೆ ಕಲ್ಲು ಅಡ್ಡ ಕೂತು ಮೇಲೆ ಕೀವು ಕಟ್ಟಿದ್ದರೆ, ಅದನ್ನು ಹೊರಗೆ ಹರಿಸುವವರೆಗೂ ಆಂಟಿಬಯಾಟಿಕ್ ಒಂದರಿಂದಲೇ ಅಜ್ಜಿ ಚೇತರಿಸಿಕೊಳ್ಳುವುದು ಕಷ್ಟ.