ಫೈರ್‌ಪ್ಲೇಸ್ ಮ್ಯಾಲಿನ ಹಲಗಿ ಶೋಕೇಸ್ ಅಲ್ರಿ

ಬೆಳಗಾವಿ ಒಳಗ ಫೈರ್‌ಪ್ಲೇಸ್ ಕೆಲಸಾನೂ ಮಾಡ್ತೀನಿ ಅಂದ್ರ ವಿಜಾಪುರದ ನಮ್ಮ ಬೀಗರು ಇವತ್ತಿಗೂ ನಗ್ತಾರ, ಅಲ್ಲಿ ಏಪ್ರಿಲ್‌ನ್ಯಾಗ ಗ್ವಾಡಿನ ಒಲಿ ಆಗಿರ್ತೈತಿ, ಮತ್ತ ಇನ್ನೊಂದ್ ಒಲಿ ಯಾಕ ಅಂತ. ಆದ್ರ ನಮ್ಮ ಕ್ಯಾಂಪಿನ, ಅಂದ್ರ ಮಿಲಿಟರಿ ಕಂಟೋನ್ಮೆಂಟಿನ, ಹಳೇ ಬಂಗ್ಲೆ ಕೆಲವದ್ರಾಗ ಬೆಂಕಿ ಹಚ್ಚೋ ಇಟ್ಟಂಗಿ ಗೂಡು ಇನ್ನೂ ಹಂಗ ಅದಾವ, ಒಬ್ರು ಅದ್ರಾಗ ಚಪ್ಪಲಿ ಇಟ್ಟಾರ, ಇನ್ನೊಬ್ರು ಇನ್ವರ್ಟರ್ ಬ್ಯಾಟರಿ ಇಟ್ಟಾರ. ಈಗ ಹೊಸಾ ಮನಿ ಕಟ್ಟಿಸೋರೂ ಮೊಬೈಲ್‌ನ್ಯಾಗ ಫೋಟೋ ತೋರ್ಸಿ ಹಿಂಗ ಬೇಕ್ರಿ ಅಂತಾರ.

ನಾ ಮೊದ್ಲ ಕೇಳೋದು ಒಂದ. ಖರೇನ ಬೆಂಕಿ ಹಚ್ಚವ್ರೇನ್ರಿ, ಬರೇ ನೋಡಾಕೇನು? ಇದಕ್ಕ ಉತ್ತರ ಸಿಗೂತನಕ ಕಲರ್, ಟೈಲ್ಸ್, ಕನ್ನಡಿ ಯಾವ್ದೂ ಮಾತಾಡಂಗಿಲ್ಲ.

ಇದನ್ನ ಪೆಟ್ಟು ತಿಂದ ಕಲ್ತದ್ದು. ಸುರು ಸುರುವಿಗೆ ಕ್ಯಾಂಪಿನ ಒಂದು ಮನ್ಯಾಗ ಗೂಡಿನ ಸುತ್ತಲ ಎಂಡಿಎಫ್ (ಕಟಗಿ ಪುಡಿ ಒತ್ತಿ ಮಾಡಿದ ಹಲಗಿ) ಚೌಕಟ್ಟು ಮಾಡ್ಸಿದ್ದೆ, ಬಾಯಿಂದ ಮೂರ ಇಂಚ್ ದೂರ, ಮ್ಯಾಲ ಬಿಳಿ ಪಿಯು (ಪಾಲಿಯುರೆಥೇನ್) ಪೇಂಟ್, ನೋಡಾಕ ಭಾಳ ಛಂದ ಇತ್ತು. ಡಿಸೆಂಬರ್‌ನ್ಯಾಗ ಎರಡ ಸಂಜಿ ಕಟಗಿ ಹಚ್ಚ್ಯಾರ, ಮೂಲಿ ಚಹಾ ಬಣ್ಣಕ್ಕ ತಿರುಗಿ ಪೇಂಟ್ ಹಪ್ಪಳದಂಗ ಉಬ್ಬಿ ನಿಂತಿತ್ತು. ಮನಿ ಯಜಮಾನ್ರು ಬೈಲಿಲ್ಲ, "ಹಪ್ಪಳ ಸುಡಾಕ ಬೇರೆ ಒಲಿ ಐತಿ ನಮ್ಮನ್ಯಾಗ" ಅಂದ್ರು ಅಷ್ಟ. ನನ್ನ ಖರ್ಚಿನ್ಯಾಗ ಎಲ್ಲಾ ಕಿತ್ತು ಹೊಸದು ಮಾಡಿಕೊಟ್ಟೆ.

ಆಮ್ಯಾಲ ಅಮೆರಿಕದ ಮನಿ ಕಟ್ಟೋ ಕೋಡ್, ಅಂದ್ರ ನಿಯಮದ ಪುಸ್ತಕ, ನೋಡಿದ್ರ ಲೆಕ್ಕ ಸರಳ ಐತಿ. ಬೆಂಕಿ ಗೂಡಿನ ಬಾಯಿಂದ 6 ಇಂಚಿನ ಒಳಗ ಕಟಗಿ, ಪ್ಲೈ, ಎಂಡಿಎಫ್ ಹಿಂಗ ಉರಿಯೂ ಸಾಮಾನು ಏನೂ ಬರಂಗಿಲ್ಲ. 12 ಇಂಚಿನ ಒಳಗ ಇದ್ರ ದೂರದ ಪ್ರತಿ ಇಂಚಿಗೆ ಇಂಚಿನ ಎಂಟನೇ ಭಾಗದಷ್ಟ ಮುಂದ ಚಾಚಬಹುದು, ಅಂದ್ರ 8 ಇಂಚ್ ಮ್ಯಾಲಿನ ಕಟಗಿ ಪಟ್ಟಿ ಬರೇ ಒಂದ್ ಇಂಚ್ ಹೊರಗ ಬರಬಹುದು. ಹಂಗಾಗಿ ಎಂಟ್ ಇಂಚ್ ಅಗಲದ ಕಟಗಿ ಹಲಗಿ ಬೇಕಂದ್ರ ನಾ ಬಾಯಿಂದ ಒಂದೂವರಿ ಫೂಟ್ ಮ್ಯಾಲ ಏರಸ್ತೀನಿ, ಬಡಿಗ್ಯಾ "ಒಂಬತ್ತ್ ಇಂಚ್ ಸಾಕ್ರಿ" ಅಂದ್ರೂ ಕೇಳಂಗಿಲ್ಲ. ಗೂಡಿನ ಮುಂದ ನೆಲಕ್ಕೂ ಕಮ್ಮಿ ಅಂದ್ರ 16 ಇಂಚ್ ಕಲ್ಲು ಬೇಕು, ನವಲಗುಂದ ಜಮಖಾನಿ ಅಲ್ಲಿಂದ ಆಚೆ ಹಾಸ್ರಿ, ಒಂದು ಕಿಡಿ ಸಿಡಿದ್ರ ಮುಗೀತು.

ಕಲ್ಲಿನ ವಿಷಯದಾಗ ನಾವು ಪುಣ್ಯವಂತ್ರು, ಸುತ್ತಮುತ್ತಲ ಎಲ್ಲಾ ಸಿಗ್ತೈತಿ. ಸುತ್ತಲಿನ ಪಟ್ಟಿಗೆ, ನೆಲಕ್ಕ ನನ್ನ ಮೊದಲ ಆಯ್ಕಿ ಇಳಕಲ್ ಕೆಂಪು ಗ್ರಾನೈಟ್, ಕಾವು ತಡೀತೈತಿ, ಮಸಿ ಒರಸಿದ್ರ ಹೋಗ್ತೈತಿ, ಮತ್ತ ಆ ಕೆಂಪು ಬೆಂಕಿ ಬೆಳಕಿನ್ಯಾಗ ಕಾಣೋದ ಬೇರೆ. ಪಾಲಿಶ್ ಮಾತ್ರ ಕಮ್ಮಿ ಮಾಡಸ್ರಿ, ಇಲ್ಲಂದ್ರ ಬ್ಯಾಂಕಿನ ಕೌಂಟರ್ ಕಂಡಂಗ ಕಾಣ್ತೈತಿ. ಬಾದಾಮಿ ಕೆಂಪು ಕಲ್ಲು ಮರಳುಗಲ್ಲು, ಮಸಿ ಎಣ್ಣಿ ಎರಡೂ ಕುಡೀತೈತಿ, ಸೀಲರ್ ಹೊಡೀದ ಹಚ್ಚಬ್ಯಾಡ್ರಿ. ಶಹಾಬಾದ್ ಫರ್ಸಿ ಅಂದ್ರ ಸುಣ್ಣದ ಕಲ್ಲ ಅದು, ಹೊರಗ ಹಾಕ್ರಿ ಏನ್ ತ್ರಾಸಿಲ್ಲ, ಲಿಂಬಿಹಣ್ಣು ಆ್ಯಸಿಡ್ ಹಾಕಿ ತಿಕ್ಕಿದ್ರಷ್ಟ ಕಲಿ ಬೀಳ್ತೈತಿ, ಆದ್ರ ಬೆಂಕಿ ಉರಿಯೂ ಗೂಡಿನ ಒಳಗ ಮಾತ್ರ ಬ್ಯಾಡ. ಒಳಗ ಕಾವು ತಡಿಯೋ ಇಟ್ಟಂಗಿ (ಫೈರ್ ಬ್ರಿಕ್) ಮತ್ತ ಕಾವು ತಡಿಯೋ ಮಣ್ಣು (ಫೈರ್ ಕ್ಲೇ), ಅದಕ್ಕ ಬದ್ಲಿ ಇಲ್ಲ, ಸಾದಾ ಸಿಮೆಂಟ್ ಗಾರಿ ಕಾವಿಗೆ ಬಿರುಕ ಬಿಡ್ತೈತಿ, ಗೌಂಡಿ ಏನ ಹೇಳಲಿ.

ಹಳೇ ಗೂಡಿಗೆ ಬೆಂಕಿ ಹಚ್ಚೂಕಿಂತ ಮೊದ್ಲ ಚಿಮಣಿ ತೆರದೈತೋ ಇಲ್ಲೋ ನೋಡಸ್ರಿ. ಪಾರಿವಾಳದ ಗೂಡು, ಜೇನು, ಮಳಿಗೆ ಬಿದ್ದ ಗಿಲಾವ್ ಏನರ ಇರ್ತೈತಿ, ಹೊಗಿ ಹೊರಗ ಹೋಗ್ಲಿಲ್ಲಂದ್ರ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಗಾಳಿ ಮನ್ಯಾಗ ತುಂಬತೈತಿ, ಅದಕ್ಕ ವಾಸನಿ ಇಲ್ಲ, ಮಲಗಿದ್ದವ್ರು ಏಳಂಗಿಲ್ಲ.

ಇನ್ನ ಆ ಹಲಗಿ. ಬೈಲಹೊಂಗಲ ಕಡೆ ಹಳ್ಳಿ ಒಂದ್ರಾಗ ವಾಡೆ ಕೆಡವಿದಾಗ ಬಂದ ಸಾಗವಾನಿ ತೊಲಿ ಒಂದನ್ನ ಹೋದ ವರ್ಷ ಒಂದು ಮನಿಗೆ ಹಾಕಿದ್ವಿ. ಗೆದ್ದಲಿನ ಔಷಧ ಹೊಡ್ಸಿ, ಮೊಳಿ ಎಲ್ಲಾ ಕೀಳ್ಸಿ, ಮ್ಯಾಲ ಬರೇ ಎಣ್ಣಿ ಹಚ್ಚಿಸಿದ್ದೆ. ಅದರ ನಡುವಿನ್ಯಾಗ ತೊಟ್ಟಿಲ ಕಟ್ಟೋ ಕಬ್ಬಿಣದ ಬಳಿ ಇತ್ತು, ಬಳಿ ತಿಕ್ಕಿ ತಿಕ್ಕಿ ಕಟಗಿ ಒಳಗ ಅರ್ಧ ಚಂದ್ರನಂಗ ತಗ್ಗು ಬಿದ್ದಿತ್ತು. ಬಡಿಗ್ಯಾ ಕೊಯ್ದು ಪುಟ್ಟಿ ತುಂಬಸ್ತೀನಿ ಅಂದ, ಆ ಮನಿ ವೈನಿ ಅಡಗಿ ಮನಿಂದ ಓಡಿ ಬಂದು ಕೈ ಹಿಡದ್ರು. ಆ ತೊಲಿ ಮ್ಯಾಲ ಈಗ ಒಂದು ಹಿತ್ತಾಳಿ ತಂಬಿಗಿ ಬಿಟ್ರ ಏನೂ ಇಲ್ಲ.

ಎಲ್ಲಾರೂ ಹಂಗ ಬಿಡಂಗಿಲ್ಲ. ಮಗನ ಟ್ರೋಫಿ, ಪ್ಲಾಸ್ಟಿಕ್ ತೋರಣ, ಬರ್ತ್‌ಡೇ ಫೋಟೋ ಫ್ರೇಮ್ ಎಂಟು, ಎಲ್ಲಾ ಒಂದ ಎತ್ತರ, ಒಂದ ಸಾಲು, ಕಿರಾಣಿ ಅಂಗಡಿ ಬರಣಿ ಜೋಡ್ಸಿದಂಗ. ಒಂದು ಕಡೆ ಎತ್ತರದ್ದು ಇಡ್ರಿ, ಇನ್ನೊಂದು ಕಡೆ ಗಿಡ್ಡದ್ದು ಎರಡು, ನಡುವ ಜಾಗಾ ಖಾಲಿ ಬಿಡ್ರಿ. ಜೋಡಿನ ಬೇಕು ಅಂದ್ರ ಸಮೆ ಇಡ್ರಿ, ಅವು ಜೋಡಿಗಾಗೇ ಹುಟ್ಯಾವ. ಕನ್ನಡಿ ಇಡೋರು ಮೊದ್ಲ ಸೋಫಾದ ಮ್ಯಾಲ ಕುಂತು ಅದ್ರಾಗ ಏನ್ ಕಾಣ್ತೈತಿ ನೋಡ್ರಿ, ಅರ್ಧಾ ಮನ್ಯಾಗ ಸೀಲಿಂಗ್ ಫ್ಯಾನ್ ಕಾಣ್ತೈತಿ. ಅತ್ತಿಯವ್ರು ದೇವರ ಫೋಟೋ ಅಲ್ಲೇ ಇಡೂಣು ಅಂದ್ರ ವಾದ ಮಾಡಬ್ಯಾಡ್ರಿ, ಮಸಿ ಹಿಡೀತೈತ್ರಿ ಅತ್ತಿ ಅನ್ರಿ, ತಾವ ತಗೀತಾರ. ಟಿವಿ ಅಂತೂ ಕಟಗಿ ಬೆಂಕಿ ಮ್ಯಾಲ ಬ್ಯಾಡ ಬ್ಯಾಡ, ಬಹಳಷ್ಟು ಟಿವಿ ಪುಸ್ತಕದಾಗ 40 ಡಿಗ್ರಿ ಒಳಗ ಇಡ್ರಿ ಅಂತನ ಬರದಿರ್ತೈತಿ, ಮ್ಯಾಲ ನೋಡಿ ನೋಡಿ ಕುತ್ತಿಗಿ ಹಿಡಿಯೂದು ಬ್ಯಾರೆ.

ಬರೇ ನೋಡಾಕ ಸಾಕು ಅನ್ನೋರಿಗೆ ಎಲೆಕ್ಟ್ರಿಕ್ ಫೈರ್‌ಪ್ಲೇಸ್ ಚಲೋ. ಹೀಟರ್ ಹಚ್ಚಿದ್ರ ಸಾಮಾನ್ಯವಾಗಿ 1500ರಿಂದ 2000 ವ್ಯಾಟ್ ತಿಂತೈತಿ, ತಾಸಿಗೆ ಒಂದೂವರಿಯಿಂದ ಎರಡು ಯುನಿಟ್, ಅದಕ್ಕ 16 ಆಂಪಿನ ಬ್ಯಾರೆ ಪಾಯಿಂಟ್ ಗಿಲಾವ್ ಮಾಡೂಕಿಂತ ಮೊದ್ಲ ತೆಗಸ್ರಿ, ಟಿವಿ ಹಿಂದಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಬ್ಯಾಡ್ರಿ. ಹೀಟರ್ ಬಂದ್ ಇಟ್ಟು ಬರೇ ಜ್ವಾಲಿ ನೋಡಬಹುದು, ಅದಕ್ಕ ಕರೆಂಟ್ ಬಲ್ಬಿನಷ್ಟ. ಮತ್ತ ಬಿಸಿ ಗಾಳಿ ಬರೋ ಜಾಳಗಿ ಕೆಲವಕ್ಕ ಮ್ಯಾಲ ಇರ್ತೈತಿ ಕೆಲವಕ್ಕ ಕೆಳಗ, ಹಂಗಾಗಿ ಫೈರ್‌ಪ್ಲೇಸಿನ ಡಬ್ಬಿ ಮನಿಗೆ ಬಂದ ಮ್ಯಾಲನ ಬಡಿಗ್ಯಾನ ಕರೀರಿ.