ನೀಲಿ ಶಾಲಿನ ಆಕೆಯ ಹೆಸರು ಎಲ್ಲಿ ಹೋಯಿತು?

ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟಾಜ್ ಮ್ಯೂಸಿಯಂನಲ್ಲಿ ಒಬ್ಬ ಇಂಗ್ಲಿಷ್ ಹೆಂಗಸಿನ ತೈಲಚಿತ್ರವಿದೆ. ಬಿಡಿಸಿದವರು ಥಾಮಸ್ ಗೇನ್ಸ್‌ಬರೋ, 1780ರ ಆಸುಪಾಸಿನಲ್ಲಿ. ಪುಡಿ ಹಚ್ಚಿ ಎತ್ತರಕ್ಕೆ ಕಟ್ಟಿದ ಕೂದಲು, ಅದರ ಮೇಲೆ ಗರಿ ಸಿಕ್ಕಿಸಿದ ಪುಟ್ಟ ಹ್ಯಾಟು, ಕೊರಳಲ್ಲಿ ತೆಳು ಕಪ್ಪು ರಿಬ್ಬನ್. ನೀಲಿ ಶಾಲು ಜಾರದ ಹಾಗೆ ಎದೆಯ ಹತ್ತಿರ ಹಿಡಿದುಕೊಂಡಿದ್ದಾಳೆ. ಚಿತ್ರಕ್ಕೆ ‘ನೀಲಿ ಉಡುಪಿನ ಮಹಿಳೆ’ ಅಂತ ಹೆಸರು. ಆದರೆ ಉಡುಪು ಬಿಳಿ, ನೀಲಿ ಇರುವುದು ಶಾಲು. ಆಕೆಯ ಹೆಸರೇ ಗೊತ್ತಿಲ್ಲದ ಕಾರಣ ಬಣ್ಣ ಹಿಡಿದು ಕರೆಯಬೇಕಾಗಿ ಬಂತು.

ದುಡ್ಡು ಕೊಟ್ಟು ಬಿಡಿಸಿಕೊಳ್ಳುತ್ತಿದ್ದ ಚಿತ್ರಗಳಿಗೇ ಹೀಗೇಕಾಗುತ್ತದೆ? ಗೇನ್ಸ್‌ಬರೋ 1774ರಲ್ಲಿ ಬಾತ್ ಊರು ಬಿಟ್ಟು ಲಂಡನ್‌ಗೆ ಬಂದರು. ಆಗ ಚಿತ್ರದ ದರ ಅಳತೆಯ ಮೇಲೆ ನಿಂತಿತ್ತು. ಈ ಚಿತ್ರ 76 ಸೆಂ.ಮೀ. ಎತ್ತರ, 64 ಸೆಂ.ಮೀ. ಅಗಲ. ಇಂಚಿನಲ್ಲಿ 30ಕ್ಕೆ 25. ಎದೆಮಟ್ಟದ ಚಿತ್ರಗಳಿಗೆ ಆಗ ಎಲ್ಲರೂ ಬಳಸುತ್ತಿದ್ದ ಮಾಮೂಲಿ ಕ್ಯಾನ್ವಾಸ್ ಅದು. ಹಾಗಾಗಿ ಅಳತೆಯಿಂದ ಆಕೆ ಯಾರೆಂದು ತಿಳಿಯುವುದಿಲ್ಲ. ಅದೇ ಕಾಲದ ಇನ್ನೊಬ್ಬ ಇಂಗ್ಲಿಷ್ ಚಿತ್ರಕಾರ ಜೋಷುವಾ ರೆನಾಲ್ಡ್ಸ್ ತಮ್ಮ ಮುಂದೆ ಯಾರು ಯಾವತ್ತು ಕೂತರೆಂದು ಡೈರಿಯಲ್ಲಿ ಬರೆದಿಡುತ್ತಿದ್ದರು, ಅವುಗಳಲ್ಲಿ ಎಷ್ಟೋ ಉಳಿದಿವೆ. ಗೇನ್ಸ್‌ಬರೋ ಅವರಿಂದ ಅಂಥದ್ದೇನೂ ಉಳಿದಿಲ್ಲ.

ನಮ್ಮ ನಡುಮನೆಯ ಗೋಡೆಯ ಹಳೇ ಫೋಟೊಗಳನ್ನೇ ನೆನೆಸಿಕೊಳ್ಳಿ. ಅಜ್ಜಿಯ ಫೋಟೊ ಹಿಂದೆ ಹೆಸರು ಯಾರು ಬರೆದಿಡುತ್ತಾರೆ? ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದಲ್ಲ! ಇಂಗ್ಲೆಂಡಿನ ದೊಡ್ಡಮನೆಗಳಲ್ಲೂ ಹಾಗೇ ಆಯಿತು. ಗೊತ್ತಿದ್ದವರು ಹೋದರು, ಆಸ್ತಿ ಕೈ ಬದಲಾಯಿತು, ಚಿತ್ರ ಹರಾಜಿಗೆ ಬಂತು. ಮದುವೆಯಾದರೆ ಮನೆ ಹೆಸರೂ ಬದಲಾಗುತ್ತಿದ್ದ ಹೆಂಗಸರ ಗುರುತು ಹಿಡಿಯುವುದು ಇನ್ನೂ ಕಷ್ಟ. ಹೆಸರಿದ್ದ ಚಿತ್ರಕ್ಕೆ ಬೆಲೆ ಜಾಸ್ತಿ. ಅದಕ್ಕೇ ಮಾರುವಾಗ ಯಾವುದೋ ದೊಡ್ಡ ಹೆಸರು ಅಂಟಿಕೊಂಡಿದ್ದೂ ಉಂಟು. ಹಳೆಯ ಹೆಸರುಗಳನ್ನು ಹಾಗಾಗಿ ಸುಮ್ನೆ ನಂಬುವಂತಿಲ್ಲ.

ಈ ಚಿತ್ರ ಅಲೆಕ್ಸೇ ಖಿತ್ರೋವೊ ಅವರ ಸಂಗ್ರಹದಲ್ಲಿತ್ತು. 1912ರಲ್ಲಿ ಹರ್ಮಿಟಾಜ್ ಸೇರಿತು. ಆಕೆ ಬೋಫರ್ಟ್‌ನ ಡಚೆಸ್ ಎಲಿಜಬೆತ್ ಇರಬಹುದು ಎಂಬ ಊಹೆ ಇದೆ. ಎಲಿಜಬೆತ್, ಅಡ್ಮಿರಲ್ ಎಡ್ವರ್ಡ್ ಬಾಸ್ಕವೆನ್ ಮಗಳು. 1748ರಲ್ಲಿ ಪಾಂಡಿಚೇರಿಗೆ ಮುತ್ತಿಗೆ ಹಾಕಿ, ಗೆಲ್ಲಲಾಗದೆ ವಾಪಸಾದ ಬಾಸ್ಕವೆನ್ ಅವರೇ. 1766ರಲ್ಲಿ ಎಲಿಜಬೆತ್ ಬೋಫರ್ಟ್‌ನ ಐದನೇ ಡ್ಯೂಕ್‌ನನ್ನು ಮದುವೆಯಾಗಿ ಡಚೆಸ್ ಆದಳು. ಗೇನ್ಸ್‌ಬರೋ ಹೆಂಡತಿ ಮಾರ್ಗರೆಟ್ ಕೂಡ ಅದೇ ಮನೆತನದ ಹಿಂದಿನ ಡ್ಯೂಕ್ ಒಬ್ಬರಿಗೆ ಮದುವೆಯಾಚೆ ಹುಟ್ಟಿದವರು. ಕೇಳಲು ಚೆನ್ನಾಗಿದೆ. ಆದರೆ ಇಷ್ಟರಿಂದಲೇ ಈ ಮುಖ ಎಲಿಜಬೆತಳದ್ದು ಅನ್ನಲು ನನಗೆ ಮನಸ್ಸು ಬಾರದು.

ಗೇನ್ಸ್‌ಬರೋ ತೀರಿಕೊಂಡ ವರ್ಷ, 1788ರಲ್ಲಿ, ರೆನಾಲ್ಡ್ಸ್ ವಿದ್ಯಾರ್ಥಿಗಳ ಮುಂದೆ ಅವರ ಕೆಲಸದ ಬಗ್ಗೆ ಮಾತಾಡಿದರು. ಹತ್ತಿರದಿಂದ ಬರೀ ಗೀಚಿದಂತೆ ಕಾಣುವ ಗೆರೆಗಳು ದೂರ ನಿಂತರೆ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ ಎಂದರು. ಈಕೆಯ ಹ್ಯಾಟಿನ ಗರಿಗಳೂ ಹಾಗೇ. ಅವನ್ನು ಬಿಡಿಸುವಾಗ ಗೇನ್ಸ್‌ಬರೋ ಅವರಿಗೆ ಎದುರಿಗೆ ಕೂತವಳ ಹೆಸರು ಗೊತ್ತಿತ್ತು, ಅಲ್ವಾ?