ನೆರಳಿನೊಳಗಿನ ಬಿಳಿ ಚೌಕ

“ನಾನೇ ಕಣ್ಣಾರೆ ಕಂಡಿದ್ದೇನೆ” ಎಂದವರ ಮುಂದೆ ವಾದ ಬೆಳೆಯುವುದಿಲ್ಲ. ಭೂತ ಕಂಡವರು ಹೇಳುವುದೂ ಇದನ್ನೇ, ಹಾರುವ ತಟ್ಟೆ ಕಂಡವರು ಹೇಳುವುದೂ ಇದನ್ನೇ. ಅವರೆಲ್ಲ ಸುಳ್ಳುಗಾರರೆಂದು ನಾನು ಹೇಳುವುದಿಲ್ಲ. ಕಣ್ಣು ಕ್ಯಾಮೆರಾದಂತೆ ಕೆಲಸ ಮಾಡುತ್ತದೆ ಎಂಬ ಪಾಠವನ್ನು ಅವರು ನಂಬಿದ್ದಾರೆ, ಅಷ್ಟೇ. ಆ ಪಾಠದ ಬಗ್ಗೆ ನನಗೆ ತಕರಾರಿದೆ. ಮಸೂರ, ಪರದೆ, ತಲೆಕೆಳಗಾದ ಬಿಂಬ ಎಲ್ಲವೂ ಸರಿಯೇ. ಆದರೆ ಪರದೆಯ ಮೇಲೆ ಬಿದ್ದ ಚಿತ್ರವನ್ನು ನೋಡುವವರು ಯಾರು? 1604ರಲ್ಲಿ ಅಕ್ಷಿಪಟಲವೆಂಬ ಆ ಪರದೆಯ ಮೇಲೆ ತಲೆಕೆಳಗಾದ ಬಿಂಬ ಮೂಡುತ್ತದೆಂದು ವಿವರಿಸಿದ ಖಗೋಳವಿಜ್ಞಾನಿ ಕೆಪ್ಲರ್ ಕೂಡ, ಅಲ್ಲಿಂದ ಮುಂದಿನದನ್ನು ಬೇರೆಯವರು ನೋಡಿಕೊಳ್ಳಲಿ ಎಂದು ಕೈಬಿಟ್ಟ. ಅಸಲಿ ಕಥೆ ಶುರುವಾಗುವುದೇ ಅಲ್ಲಿಂದ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ದೃಷ್ಟಿವಿಜ್ಞಾನಿ ಎಡ್ವರ್ಡ್ ಆಡೆಲ್ಸನ್ 1995ರಲ್ಲಿ ಒಂದು ಚಿತ್ರ ರಚಿಸಿದರು. ಚದುರಂಗದ ಹಾಸಿನಂತಹ ಹಲಗೆ, ಅದರ ಮೂಲೆಯಲ್ಲೊಂದು ಹಸಿರು ಸಿಲಿಂಡರ್, ಹಲಗೆಯ ಮೇಲೆ ಓರೆಯಾಗಿ ಬಿದ್ದ ಅದರ ನೆರಳು. ನೆರಳಿನ ಹೊರಗಿನ ಒಂದು ಕಪ್ಪು ಚೌಕಕ್ಕೆ ‘ಎ’ ಎಂದೂ ಒಳಗಿನ ಒಂದು ಬಿಳಿ ಚೌಕಕ್ಕೆ ‘ಬಿ’ ಎಂದೂ ಹೆಸರು. ಎರಡೂ ಒಂದೇ ಬೂದು ಬಣ್ಣದವು ಎಂದರೆ ಯಾರೂ ಒಪ್ಪುವುದಿಲ್ಲ. ಕಾಗದದಲ್ಲಿ ಎರಡು ತೂತು ಕೊರೆದು, ಆ ಎರಡು ಚೌಕಗಳಷ್ಟೇ ಕಾಣುವಂತೆ ಚಿತ್ರದ ಮೇಲಿಟ್ಟರೆ ಎರಡೂ ಥಟ್ಟನೆ ಒಂದೇ ಆಗಿಬಿಡುತ್ತವೆ. ಕಾಗದ ತೆಗೆದೊಡನೆ ‘ಬಿ’ ಮತ್ತೆ ಬೆಳ್ಳಗಾಗುತ್ತದೆ.

ಇದನ್ನು ಕಣ್ಣಿನ ದೋಷ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದೃಷ್ಟಿಯ ಜಾಣತನ ಇಷ್ಟು ಸ್ಪಷ್ಟವಾಗಿ ಬಯಲಾಗುವ ಚಿತ್ರ ಇನ್ನೊಂದಿಲ್ಲ. ವಸ್ತುವಿನಿಂದ ಕಣ್ಣಿಗೆ ಬರುವ ಬೆಳಕು ಎರಡು ಸಂಗತಿಗಳ ಗುಣಲಬ್ಧ: ವಸ್ತುವಿನ ಮೇಲೆ ಎಷ್ಟು ಬೆಳಕು ಬಿತ್ತು, ಅದರಲ್ಲಿ ಎಷ್ಟು ಪಾಲನ್ನು ಅದು ಹಿಂದಕ್ಕೆ ಕಳಿಸಿತು. ಕಣ್ಣಿಗೆ ಸಿಗುವುದು ಗುಣಲಬ್ಧ ಮಾತ್ರ. ಉತ್ತರ 12 ಎಂದಷ್ಟೇ ಹೇಳಿ, ಗುಣಿಸಿದ ಸಂಖ್ಯೆಗಳು ಯಾವುವು ಎಂದು ಕೇಳಿದ ಹಾಗೆ. ಮೂರು ನಾಲ್ಕಲೇ ಇರಬಹುದು, ಎರಡು ಆರಲೇ ಇರಬಹುದು. ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ ಲಕ್ಸ್; ನಡು ಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್. ಕೋಣೆಯೊಳಗೆ 500 ಇದ್ದರೆ ಹೆಚ್ಚು. ಕಪ್ಪು ಶಾಯಿ ತನ್ನ ಮೇಲೆ ಬಿದ್ದುದರಲ್ಲಿ ನೂರಕ್ಕೆ ಐದು ಪಾಲನ್ನು ಮಾತ್ರ ಮರಳಿಸುತ್ತದೆ, ಬಿಳಿ ಕಾಗದ ಎಂಬತ್ತು ಪಾಲನ್ನು ಎಂದುಕೊಳ್ಳಿ. ಲೆಕ್ಕ ಹಾಕಿದರೆ, ಬಿಸಿಲಿನಲ್ಲಿರುವ ಕಪ್ಪಕ್ಷರವು ಕೋಣೆಯಲ್ಲಿರುವ ಬಿಳಿ ಹಾಳೆಗಿಂತ ಹನ್ನೆರಡು ಪಟ್ಟಿಗೂ ಹೆಚ್ಚು ಬೆಳಕನ್ನು ಕಣ್ಣಿಗೆ ಕಳಿಸುತ್ತದೆ! ಆದರೂ ಅಕ್ಷರ ಕಪ್ಪಾಗಿಯೇ, ಹಾಳೆ ಬಿಳಿಯಾಗಿಯೇ ಕಾಣುತ್ತದೆ. ಕ್ಯಾಮೆರಾದಂತಹ ಕಣ್ಣಿದ್ದಿದ್ದರೆ ಪುಸ್ತಕವನ್ನು ಅಂಗಳಕ್ಕೆ ಒಯ್ದಾಗಲೆಲ್ಲ ಅದರ ಬಣ್ಣ ಬದಲಾಗಬೇಕಿತ್ತು.

ಮಿದುಳು ಸುಳಿವುಗಳನ್ನು ಹುಡುಕುತ್ತದೆ. ‘ಬಿ’ ತನ್ನ ಅಕ್ಕಪಕ್ಕದ ಚೌಕಗಳಿಗಿಂತ ತಿಳಿಯಾಗಿದೆ. ಚೌಕಗಳ ಅಂಚು ಚೂಪು, ಕತ್ತಲಾದ ಪಟ್ಟೆಯ ಅಂಚು ಮಸುಕು. ಮಸುಕು ಅಂಚು ಸಾಮಾನ್ಯವಾಗಿ ನೆರಳಿನದು. ನೆರಳು ಬೀಳಿಸುವ ಸಿಲಿಂಡರ್ ಎದುರಿಗೇ ಇದೆ. ಆದ್ದರಿಂದ, ಮಂದ ಬೆಳಕಿನಲ್ಲಿದ್ದೂ ಇಷ್ಟು ಬೆಳಕು ಕಳಿಸುತ್ತಿರುವ ಚೌಕ ಬಿಳಿಯದೇ ಆಗಿರಬೇಕು. ಇದು ಅಪ್ಪಟ ತರ್ಕ. ಆದರೆ ತರ್ಕಿಸಿದ್ದು ನಮ್ಮ ಅರಿವಿಗೇ ಬರುವುದಿಲ್ಲ, ತೀರ್ಪು ಮಾತ್ರ ಕಾಣುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲಿ ಇದನ್ನು ಅಪ್ರಜ್ಞಾಪೂರ್ವಕ ತೀರ್ಮಾನ ಎಂದು ಕರೆದರು. ಅದಕ್ಕೂ ಎಂಟು ಶತಮಾನಗಳಷ್ಟು ಹಿಂದೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದ ವಿಜ್ಞಾನಿ ಇಬ್ನ್ ಅಲ್-ಹೈಥಮ್ ಇದೇ ದಾರಿಯಲ್ಲಿ ಯೋಚಿಸಿದ್ದರು. ಎಷ್ಟೋ ಪಠ್ಯಗಳು ಅವರ ಹೆಸರನ್ನೇ ಎತ್ತುವುದಿಲ್ಲ.

ಇನ್ನು ಅರಿವಿದ್ದೇ ಮಾಡುವ ತರ್ಕ ಎಷ್ಟು ಗಟ್ಟಿ? ಬ್ರಿಟನ್ನಿನ ಮನೋವಿಜ್ಞಾನಿ ಪೀಟರ್ ವೇಸನ್ 1966ರಲ್ಲಿ ಪ್ರಕಟಿಸಿದ ಒಗಟನ್ನು ಕನ್ನಡ ಅಕ್ಷರಗಳಲ್ಲಿ ಹೀಗೆ ಕೇಳಬಹುದು. ನಾಲ್ಕು ಕಾರ್ಡುಗಳಲ್ಲಿ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ಕಾಣುತ್ತಿರುವುದು ಅ, ಕ, 4, 7. ‘ಒಂದು ಬದಿ ಸ್ವರವಿದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರುತ್ತದೆ’ ಎಂಬ ನಿಯಮವನ್ನು ಪರೀಕ್ಷಿಸಲು ಯಾವ ಕಾರ್ಡುಗಳನ್ನು ಮಗುಚಲೇಬೇಕು?

ಬಹುಪಾಲು ಜನ ‘ಅ’ ಮತ್ತು 4 ಎನ್ನುತ್ತಾರೆ. ಸರಿಯುತ್ತರ ‘ಅ’ ಮತ್ತು 7. ನಾಲ್ಕರ ಹಿಂದೆ ಏನಿದ್ದರೂ ನಿಯಮಕ್ಕೆ ಧಕ್ಕೆಯಿಲ್ಲ; ಏಳರ ಹಿಂದೆ ಸ್ವರವಿದ್ದರೆ ನಿಯಮ ಬಿದ್ದುಹೋಗುತ್ತದೆ. ನಿಯಮದಲ್ಲಿ ಹೆಸರಿಸಿದ್ದನ್ನೇ ಹುಡುಕಿಕೊಂಡು ಹೋಗುವುದು, ಅದನ್ನು ಕೆಡವಬಲ್ಲದ್ದನ್ನು ಬಿಟ್ಟುಬಿಡುವುದು ನಮ್ಮ ಚಾಳಿ. ಫಲಿಸಿದ ಭವಿಷ್ಯವನ್ನಷ್ಟೇ ನೆನಪಿಟ್ಟು ಜ್ಯೋತಿಷಿಯನ್ನು ಹೊಗಳುವವರು ಮಾಡುವುದೂ ಇದನ್ನೇ.

ಕುತೂಹಲದ ಸಂಗತಿ ಇನ್ನೊಂದಿದೆ. 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಎಂಬ ಮನೋವಿಜ್ಞಾನಿಗಳು ಅದೇ ಒಗಟನ್ನು ಬಿಯರ್ ಕುಡಿಯಲು ಇಷ್ಟು ವಯಸ್ಸಾಗಿರಬೇಕು ಎಂಬ ನಿಯಮಕ್ಕೆ ಹೊಂದಿಸಿ, ಕಾರ್ಡಿನ ಒಂದು ಬದಿ ಪಾನೀಯ, ಇನ್ನೊಂದು ಬದಿ ಕುಡಿಯುವವರ ವಯಸ್ಸು ಬರೆದು, ಅಮೆರಿಕದ ವಿದ್ಯಾರ್ಥಿಗಳಿಗೆ ಕೇಳಿದರು. ಸುಮಾರು ಮುಕ್ಕಾಲು ಪಾಲು ಜನ ಸರಿಯಾಗಿ ಉತ್ತರಿಸಿದರು: ಬಿಯರ್ ಕುಡಿಯುತ್ತಿರುವವರ ವಯಸ್ಸನ್ನೂ, 16 ವರ್ಷದವರ ಲೋಟವನ್ನೂ ನೋಡಬೇಕು. ತರ್ಕದ ಆಕಾರ ಅದೇ. ಬದಲಾದದ್ದು ವಿಷಯ ಮಾತ್ರ. ಮೋಸ ಹಿಡಿಯುವ ಬುದ್ಧಿ ನಮ್ಮಲ್ಲಿ ಹುಟ್ಟಿನಿಂದಲೇ ಇದೆ ಎಂದು ಕೆಲವರು, ಪರಿಚಿತ ನಿಯಮಗಳ ಅಭ್ಯಾಸಬಲ ಎಂದು ಕೆಲವರು ಇಂದಿಗೂ ಜಗಳವಾಡುತ್ತಿದ್ದಾರೆ. ಎರಡನೆಯವರ ಕಡೆಗೇ ನನ್ನ ಒಲವು. ಯಾರು ಗೆದ್ದರೂ ಒಂದು ವ್ಯತ್ಯಾಸ ಉಳಿಯುತ್ತದೆ: ವೇಸನ್ನರ ಕಾರ್ಡುಗಳನ್ನು ಒಮ್ಮೆ ಅರ್ಥ ಮಾಡಿಕೊಂಡವರು ಮುಂದಿನ ಸಲ ಏಳನ್ನು ಮಗುಚಬಲ್ಲರು, ಆಡೆಲ್ಸನ್ನರ ‘ಬಿ’ ಚೌಕ ಮಾತ್ರ ಎಷ್ಟು ಸಲ ವಿವರಿಸಿದರೂ ಬೂದಾಗುವುದಿಲ್ಲ, ಅದನ್ನು ಬರೆದವರ ಕಣ್ಣಿಗೂ.